ಬೋನಾಳದಲ್ಲಿ ಒಂದು ರಾತ್ರಿ

ಕಾಡು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಸುರು. ಮುಗಿಲಿಗೆ ತಲೆಯಿಟ್ಟ ಮರಗಳು, ಅವುಗಳ ಮೈಗೆ ಹಬ್ಬಿದ ಬಳ್ಳಿಗಳು, ಕಾಲಡಿಯಲ್ಲಿ ಕೊಳೆತ ಎಲೆ, ಎಲ್ಲಿಯೋ ಹರಿಯುವ ತೊರೆಯ ಸದ್ದು, ಕಾಲಿಗೆ ಹತ್ತುವ ಜಿಗಣೆ, ಇಷ್ಟೂ ಇಲ್ಲದಿದ್ದರೆ ಅದು ಕಾಡೇ ಅಲ್ಲವೆಂದು ನಾವು ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಇದರಲ್ಲಿ ನಮ್ಮ ಕವಿಗಳದೂ ಸ್ವಲ್ಪ ಪಾಲುಂಟು. ಮಲೆನಾಡಿನ ಮಳೆಯನ್ನು ಪುಸ್ತಕದಲ್ಲಿ ಓದಿ ಓದಿ ನೆನೆದ ನಾವು, ಒಣ ನೆಲವನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತೇವೆ. ಆದರೆ ಲೆಕ್ಕ ನೋಡಿದರೆ, ಭಾರತದಲ್ಲಿ ರಾಜಸ್ಥಾನವನ್ನು ಬಿಟ್ಟರೆ ಒಣಭೂಮಿ ಅತಿ ಹೆಚ್ಚಾಗಿರುವುದು ನಮ್ಮ ಕರ್ನಾಟಕದಲ್ಲಿಯೇ. ಅಂದಮೇಲೆ ಕನ್ನಡನಾಡಿನ ನಿಜವಾದ ಮುಖ ಯಾವುದು, ಆಗುಂಬೆಯದೋ ಶಹಾಪುರದ್ದೋ ಎಂಬ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ಉತ್ತರಿಸುವುದು ಅಷ್ಟು ಸುಲಭವಲ್ಲ.

ಕಳೆದ ಮಾಗಿಯಲ್ಲಿ ಎರಡು ದಿನ ಬಿಡುವು ಸಿಕ್ಕಿತು. ಯಾದಗಿರಿಯ ಕಡೆಗೆ ಹೋಗಿ, ಆ ಕಲ್ಲುಗುಡ್ಡಗಳನ್ನು ನೋಡಿ, ಬೋನಾಳದ ಪಕ್ಷಿಧಾಮದ ಬಳಿ ಒಂದು ರಾತ್ರಿ ತಂಗಿ ಬರುತ್ತೇನೆ ಎಂದು ಹೇಳಿದಾಗ ನೆರೆಮನೆಯವರಿಗೆ ಆಶ್ಚರ್ಯವಾಯಿತು. “ಅಲ್ಲೇನಿದೆ ಸ್ವಾಮಿ? ಬಿಸಿಲು, ಕಲ್ಲು, ಜಾಲಿಮುಳ್ಳು,” ಎಂದರು. ಅವರು ಕೊಟ್ಟ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಪಟ್ಟಿ ಅಲ್ಲಿಗೇ ಮುಗಿಯಿತೆಂದು ಅವರು ತಿಳಿದದ್ದೊಂದೇ ತೊಡಕು. ನಾನು ತಂಗುವುದಕ್ಕೆ ಏರ್ಪಾಡಾಗಿತ್ತು. ನನ್ನ ಕಚೇರಿಯ ಗೆಳೆಯರೊಬ್ಬರು ಸುರಪುರದ ಸೀಮೆಯವರು. ಅವರ ಕಾಕಾ, ಎಂದರೆ ಚಿಕ್ಕಪ್ಪ, ಕೆರೆಯ ಮಗ್ಗುಲಲ್ಲಿಯೇ ಹೊಲ ಮಾಡಿಕೊಂಡಿದ್ದಾರೆ. “ಹೋಗಿ ಇರಿ, ಕಾಕಾ ನಿಮ್ಮನ್ನು ನೋಡಿಕೊಳ್ಳುತ್ತಾರೆ, ಆದರೆ ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ,” ಎಂದು ಗೆಳೆಯರು ಎಚ್ಚರಿಕೆ ಕೊಟ್ಟೇ ಕಳಿಸಿದರು.

ರೈಲು ಯಾದಗಿರಿಯಲ್ಲಿ ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ನಿಲ್ದಾಣದಿಂದ ಹೊರಗೆ ಬಂದು ಚಹಾ ಕುಡಿಯುವ ಹೊತ್ತಿಗೆ ಊರಿನ ಮೇಲೆ ಕೋಟೆಯ ಗುಡ್ಡ ಮೆಲ್ಲಗೆ ಮೂಡಿತು. ಮೊದಲು ಕಂಡದ್ದು ಒಂದೇ ಒಂದು ಕರಿಯ ಗುಪ್ಪೆ. ಬೆಳಕು ಏರಿದ ಹಾಗೆ ಅದರಲ್ಲಿ ಯಾವುದು ದೇವರು ಇಟ್ಟ ಬಂಡೆ, ಯಾವುದು ಮನುಷ್ಯ ಇಟ್ಟ ಗೋಡೆ ಎಂಬುದು ಬಿಡಿಬಿಡಿಯಾಗಿ ಕಾಣತೊಡಗಿತು. ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರಿನಲ್ಲಿ ಯಾದಗಿರಿ ತಾನೇ ಒಂದು ಜಿಲ್ಲೆಯಾಯಿತು. ಊರಿಗೆ ಈಗ ಜಿಲ್ಲಾಕೇಂದ್ರದ ಗದ್ದಲ ಬಂದಿದೆ. ಗುಡ್ಡಕ್ಕೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿದ ಹಾಗೆ ಕಾಣಲಿಲ್ಲ.

ಬಸ್ಸು ಭೀಮೆಯ ಸೇತುವೆಯನ್ನು ದಾಟಿ ಶಹಾಪುರದ ಹಾದಿ ಹಿಡಿಯಿತು. ಎರಡು ಕಡೆಯೂ ಹತ್ತಿ, ತೊಗರಿ, ಕಾಲುವೆಯ ನೀರು ಬಂದ ಕಡೆ ಭತ್ತ. ನಾರಾಯಣಪುರದ ಬಳಿ ಕೃಷ್ಣೆಗೆ ಅಣೆಕಟ್ಟು ಬಂದು, ಅದರ ಎಡದಂಡೆಯ ಕಾಲುವೆ ಈ ಸೀಮೆಗೆ ಹರಿದ ಮೇಲೆ, ಅಜ್ಜಂದಿರು ಜೋಳ ಬಿತ್ತಿದ ಕಪ್ಪು ನೆಲದಲ್ಲಿ ಮೊಮ್ಮಕ್ಕಳು ನಾಟಿ ಹಾಕುತ್ತಿದ್ದಾರೆ. ಬಯಲು ಹೀಗೆ ಹಸುರಾದರೂ ಶಹಾಪುರ ಹತ್ತಿರವಾದಂತೆ ನೆಲ ಏಕಾಏಕಿ ಎದ್ದು ನಿಲ್ಲುತ್ತದೆ. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು ಬಂಡೆ. ಕೆಲವು ಈಗಲೋ ಆಗಲೋ ಉರುಳುವಂತೆ ತುದಿಯಲ್ಲಿ ಕುಳಿತಿವೆ. ಆದರೆ ಅವು ಹಾಗೆ ಕುಳಿತೇ ಎಷ್ಟೋ ರಾಜ್ಯಗಳು ಉರುಳಿಹೋದುದನ್ನು ನೋಡಿವೆ. ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ಕಿಟಕಿಯ ಕಡೆ ಬೆರಳು ಮಾಡಿ, “ಅಲ್ಲಿ ನೋಡ್ರಿ, ಮಲಗಿದ ಬುದ್ಧ,” ಎಂದ. ಒಂದರ ಬೆನ್ನಿಗೆ ಒಂದು ಸೇರಿದ ಗುಡ್ಡಗಳು ಹಣೆ, ಮೂಗು, ಗದ್ದ, ಎದೆ ಎಲ್ಲವನ್ನೂ ತೋರಿಸುತ್ತ, ಒಬ್ಬ ಮಹಾಪುರುಷ ಆಕಾಶ ನೋಡುತ್ತ ಮಲಗಿದ ಹಾಗೆ ಕಂಡವು. ಬಸ್ಸು ಒಂದು ತಿರುವು ತಿರುಗಿದ್ದೇ ತಡ, ಬುದ್ಧ ಹೋಗಿ ಮತ್ತೆ ಬರಿಯ ಗುಡ್ಡ ಉಳಿಯಿತು. ನಿರ್ವಾಣವೆಂದರೆ ಇದೇ ಇರಬೇಕೆಂದು ನಾನು ಅಂದುಕೊಂಡೆ. ಹುಡುಗನಿಗೆ ಹೇಳಲಿಲ್ಲ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ದೊಡ್ಡ ಸಂಖ್ಯೆ ನಮ್ಮಂಥವರ ತಲೆಗೆ ಇಳಿಯುವುದಿಲ್ಲ. ಇಳಿಯುವಂಥ ಸಂಖ್ಯೆಯೂ ಈ ನೆಲದಲ್ಲಿಯೇ ಇದೆ. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೊಂದು ಸಿಕ್ಕಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಈ ಸೀಮೆಯಲ್ಲಿ ದಶಕಗಳ ಕಾಲ ನಡೆದಾಡಿ, ಅಗೆದು, ಇಂಥ ಅನೇಕ ನೆಲೆಗಳನ್ನು ಬೆಳಕಿಗೆ ತಂದರು. ಇಸಾಂಪುರದ ನೆಲೆಗೆ ಸುಮಾರು ಹನ್ನೆರಡು ಲಕ್ಷ ವರ್ಷ ವಯಸ್ಸಾಗಿರಬಹುದೆಂದು ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಗೊತ್ತಾಗಿದೆ. ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ದನಗಾಹಿಗಳು ಸೆಗಣಿ ಸುಟ್ಟು ಒಟ್ಟಿದ ಬೂದಿಯ ದಿಬ್ಬ ಇದೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಯಾರೋ ಯಾವ ಕಾಲದಲ್ಲೋ ನೂರಾರು ಗುಂಡುಗಳನ್ನು ಸಾಲಾಗಿ, ಗೆರೆ ಹಿಡಿದು ಇಟ್ಟು ಹೋಗಿದ್ದಾರೆ. ಇವೆಲ್ಲವನ್ನೂ ಇಲ್ಲಿ ಏಕೆ ಹೇಳುತ್ತಿದ್ದೇನೆಂದರೆ, ನಾವು ಬಂಜರು ಎಂದು ಕೈಬಿಟ್ಟ ಈ ನೆಲವನ್ನು ಹನ್ನೆರಡು ಲಕ್ಷ ವರ್ಷಗಳಿಂದ ಯಾರೂ ಬಂಜರು ಎಂದು ತಿಳಿದಿರಲಿಲ್ಲ. ನೀರು ಸಿಕ್ಕಿತು, ಕಲ್ಲು ಸಿಕ್ಕಿತು, ಬೇಟೆ ಸಿಕ್ಕಿತು, ಮೇವು ಸಿಕ್ಕಿತು, ಉಳಿದರು.

ಸುರಪುರವೂ ಗುಡ್ಡಗಳ ನಡುವೆಯೇ ಕಟ್ಟಿದ ಊರು. ಇಲ್ಲಿಯ ಬೇಡ ನಾಯಕರಿಗೆ ಕಲ್ಲೇ ಬಲ. ಔರಂಗಜೇಬನು 1705ರಲ್ಲಿ ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ ತಾನೇ ದಂಡು ಕಟ್ಟಿಕೊಂಡು ಬಂದು, ಹತ್ತಿರದ ವಾಗಣಗೇರಿಯ ಕೋಟೆಯ ಮುಂದೆ ತಿಂಗಳುಗಟ್ಟಲೆ ಕೂರಬೇಕಾಯಿತು. ಅವನು ಮುಂದೆ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ಕೋಟೆ ಬಿದ್ದಿತು, ನಾಯಕರು ಕೈಗೆ ಸಿಗಲಿಲ್ಲ. ಎರಡು ವರ್ಷದಲ್ಲಿ ಬಾದಶಹನೂ ಹೋದ, ನಾಯಕರ ಸುರಪುರ ಇನ್ನೂ ನೂರೈವತ್ತು ವರ್ಷ ಬಾಳಿತು. ಆ ನಾಯಕರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ್ದೇ ಬೋನಾಳದ ಕೆರೆ. 1841ರಿಂದ 1853ರವರೆಗೆ ಇಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಯಲ್ಲಿ ಆ ಕೆರೆ ಮತ್ತೆ ದುರಸ್ತಾಯಿತು. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಎಂಬ ಬಂಗಲೆಯನ್ನು ಜನ ಇಂದಿಗೂ ತೋರಿಸುತ್ತಾರೆ. ಅವನು ಮಗನಂತೆ ಸಾಕಿದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಎತ್ತಿ, ಅದೇ ವರ್ಷ ಸೆರೆಯಲ್ಲಿ ಜೀವ ಬಿಟ್ಟ. ಕೋಟೆ, ದಂಡು, ಗಾದಿ ಎಲ್ಲವೂ ಹೋದವು. ಉಳಿದದ್ದು ಕೆರೆ.

ಸುರಪುರದಿಂದ ಬೋನಾಳಕ್ಕೆ ಹತ್ತು ಹನ್ನೆರಡು ಕಿಲೋಮೀಟರು. ಕಾಕಾ ಊರ ಮುಂದಿನ ಕಟ್ಟೆಯ ಮೇಲೆಯೇ ಕಾದಿದ್ದರು. ಎಪ್ಪತ್ತರ ಆಸುಪಾಸಿನ ಒಣಗಿದ ಗಟ್ಟಿ ಮೈ, ಬಿಳಿಯ ಧೋತರ, ತಲೆಗೆ ರುಮಾಲು, ಹೆಗಲ ಮೇಲೆ ಕರಿಯ ಕಂಬಳಿ. “ಬರ್ರಿ ಸಾಹೇಬ್ರ, ಬರ್ರಿ,” ಎಂದು ಕೈಯಲ್ಲಿದ್ದ ಚೀಲ ಕಸಿದುಕೊಂಡರು. ಅವರ ಮೊಮ್ಮಗ, ಆರೇಳು ವರ್ಷದವನು, ನನ್ನ ಕೊರಳಿನ ದೂರದರ್ಶಕವನ್ನೇ ನೋಡುತ್ತ, ಇವರು ಯಾಕೆ ಬಂದಾರ ಎಂದು ಅಜ್ಜನನ್ನು ಕೇಳಿದ. “ಹಕ್ಕಿ ನೋಡಾಕ ಬಂದಾರಪ್ಪ.” ಹುಡುಗನಿಗೆ ಅದು ಅರ್ಥವಾಗಲಿಲ್ಲ. “ಹಕ್ಕಿ ಕಾಯಾಕ ಬಂದಾರೇನು?” ಎಂದು ತಿದ್ದಿದ.

ನಗು ಬಂದರೂ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಒಕ್ಕಲು ಮನೆಯಲ್ಲಿ ಹಕ್ಕಿ ಕಾಯುವುದೆಂದರೆ ಹಕ್ಕಿಯನ್ನು ಕಾಪಾಡುವುದಲ್ಲ, ಹಕ್ಕಿಯಿಂದ ಬೆಳೆಯನ್ನು ಕಾಪಾಡುವುದು. ಜೋಳ ಹಾಲುದುಂಬಿದಾಗ ಅಟ್ಟಣಿಗೆ ಹತ್ತಿ, ಕವಣೆ ಬೀಸಿ, ಹೋ ಎಂದು ಕೂಗುವ ಕೆಲಸ. ಕೆರೆಯ ದಂಡೆಯಲ್ಲಿ ಅರಣ್ಯ ಇಲಾಖೆಯವರು ಕಾಯುವುದು ಬೇರೆ ರೀತಿಯದು. ಒಂದೇ ಮಾತು, ಎರಡು ಕೆಲಸ. ನಡುವೆ ಇರುವುದು ಒಂದು ಬದು.

ಮಧ್ಯಾಹ್ನ ಕಾಕಾ ಅವರ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಊಟದ ವಿಚಾರದಲ್ಲಿ ಇಲ್ಲಿಯವರು ಅತಿಥಿಯ ಮಾತನ್ನು ನಂಬುವುದಿಲ್ಲ. ಸಾಕು ಎಂದರೆ ಇನ್ನೊಂದು ರೊಟ್ಟಿ ಬೀಳುತ್ತದೆ. ಬೇಡವೇ ಬೇಡ ಎಂದರೆ ಅರ್ಧ ಬೀಳುತ್ತದೆ. ಬಿಸಿಲಿಳಿದ ಮೇಲೆ ಕೆರೆಯ ಏರಿಯ ಮೇಲೆ ನಡೆದೆವು.

ಕೆರೆಯೆಂದರೆ ಕೆರೆ. ಬಹಳ ಹೊತ್ತು ಬರಿಯ ಕಲ್ಲು ನೋಡಿದ ಕಣ್ಣಿಗೆ ಅಷ್ಟು ನೀರು ಒಮ್ಮೆಗೇ ಕಂಡಾಗ ಮನಸ್ಸು ಮೊದಲು ನಂಬುವುದಿಲ್ಲ. ಅಂಚಿನ ಕೆಸರಿನಲ್ಲಿ ಕರಿ ಕೆಂಬರಲು, ಬಿಳಿ ಕೆಂಬರಲುಗಳು ಬಾಗಿದ ಕೊಕ್ಕನ್ನು ಚುಚ್ಚಿ ಚುಚ್ಚಿ ನಡೆಯುತ್ತಿದ್ದವು. ಜೊಂಡಿನ ಸಂದಿಯಲ್ಲಿ ಕೆನ್ನೀಲಿ ಬಕವೊಂದು ಸಾಲಗಾರನನ್ನು ಕಾಯುವ ಸಾಹುಕಾರನಂತೆ ಅಲುಗಾಡದೆ ನಿಂತಿತ್ತು. ಗುಳುಮುಳುಕಗಳು ಮುಳುಗಿ, ನಾವು ನೋಡುತ್ತಿದ್ದ ಜಾಗವನ್ನು ಬಿಟ್ಟು ಬೇರೆ ಎಲ್ಲಿಯಾದರೂ ಏಳುತ್ತಿದ್ದವು. ನಡುನೀರಿನ ತಿಟ್ಟಿನ ಮೇಲೆ ಬೂದುಬಣ್ಣದ ಒಂದು ದೊಡ್ಡ ಗುಂಪು ತಲೆಯನ್ನು ರೆಕ್ಕೆಯೊಳಗೆ ಇಟ್ಟು ಮಲಗಿತ್ತು. ದೂರದರ್ಶಕ ಹಿಡಿದೆ. ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ. ಪಟ್ಟೆತಲೆ ಹೆಬ್ಬಾತುಗಳು!

ಓದುಗರಲ್ಲಿ ಕೆಲವರಿಗಾದರೂ ಈ ಹಕ್ಕಿಯ ಹೆಸರು ಗೊತ್ತಿದ್ದೀತು. ಬೇಸಗೆಯಲ್ಲಿ ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಚಳಿ ಬಿದ್ದೊಡನೆ ಹಿಮಾಲಯವನ್ನು ದಾಟಿ ನಮ್ಮ ಕಡೆಗೆ ಬರುತ್ತದೆ. ಪುಟ್ಟ ಯಂತ್ರಗಳನ್ನು ಮೈಗೆ ಕಟ್ಟಿ ಕಳಿಸಿ ನೋಡಿದಾಗ, ಇವು ಏಳು ಸಾವಿರ ಮೀಟರಿಗೂ ಮೇಲೆ ಹಾರಿದುದು ತಿಳಿದಿದೆ. ಆ ಎತ್ತರದಲ್ಲಿ ಗಾಳಿ ಎಷ್ಟು ತೆಳುವೆಂದರೆ ನಮ್ಮಂಥವರು ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತೇವೆ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಜಗತ್ತಿನ ಅತಿ ಎತ್ತರದ ಪರ್ವತವನ್ನು ದಾಟಿ ಬಂದ ಜೀವ, ಇಳಿಯುವುದಕ್ಕೆ ಬೇಕೆಂದು ಹುಡುಕಿದ್ದು ನಾವು ‘ಅಲ್ಲೇನಿದೆ’ ಎಂದು ಕೇಳುವ ಜಾಗವನ್ನು.

“ಹಗಲೆಲ್ಲ ಹಿಂಗ ಮಲಗ್ತಾವ ನೋಡ್ರಿ,” ಎಂದರು ಕಾಕಾ. “ಪೂಜಾರಿ ಹಾಂಗ ಕಾಣ್ತಾವ. ರಾತ್ರಿ ಇವುಗಳ ಆಟ ನೋಡೀರಂತ.”

ಕತ್ತಲಾಗುವ ಮೊದಲು ಅವರು ನನ್ನನ್ನು ಹೊಲದ ಹಿಂದಿನ ಗುಡ್ಡಕ್ಕೆ ಹತ್ತಿಸಿದರು. ಹಾದಿಯೆಂಬುದು ಇರಲಿಲ್ಲ. ಕುರಿ ನಡೆದ ಜಾಡು, ಅಷ್ಟೆ. ಬಂಡೆಗಳ ಸಂದಿಯಲ್ಲಿ ಕಾರೆ, ಬಾರೆ, ಬಂದರಿಕೆ, ಎಲೆ ಉದುರಿಸಿಕೊಂಡ ಸೀತಾಫಲದ ಗಿಡ. ಯಾವುದೂ ಆಳಿನೆತ್ತರ ಮೀರಿರಲಿಲ್ಲ. ಯಾವುದಕ್ಕೂ ಮುಳ್ಳೋ ಕಹಿಯೋ ಏನಾದರೊಂದು ರಕ್ಷಣೆ ಇಲ್ಲದೆ ಇರಲಿಲ್ಲ. ಗೌಜುಗದ ಹಿಂಡೊಂದು ಕಾಲಡಿಯಿಂದಲೇ ಭರ್ರನೆ ಎದ್ದು ನನ್ನ ಎದೆಯನ್ನು ನಡುಗಿಸಿತು. ನೆತ್ತಿಯ ಹಾಸುಬಂಡೆಯ ಮೇಲೆ ಕುಳಿತಾಗ ಕಲ್ಲು ಇನ್ನೂ ಬೆಚ್ಚಗಿತ್ತು. ಬೇಸಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಈ ಬಂಡೆಯ ಮೇಲೆ ರೊಟ್ಟಿ ಸುಡಬಹುದು ಎಂದು ಕಾಕಾ ಹೇಳಿದ್ದರಲ್ಲಿ ಅತಿಶಯ ಕಡಿಮೆಯೇ ಇರಬೇಕು.

ಅಲ್ಲಿಂದ ಕೆಳಗೆ ಕೆರೆ ಕಾಣುತ್ತಿತ್ತು. ಕಾಕಾ ಕೋಲಿನಿಂದ ಬಂಡೆಯನ್ನು ತಟ್ಟಿ, ಇದು ನೀರು ಕುಡಿಯುವುದಿಲ್ಲ ಎಂದರು. ಬಯಲಿನ ಕಪ್ಪು ನೆಲಕ್ಕೆ ಬಿದ್ದ ಮಳೆಯಲ್ಲಿ ಬಹುಪಾಲನ್ನು ನೆಲವೇ ಕುಡಿದುಬಿಡುತ್ತದೆ, ಕೆರೆಗೆ ಕೊಡುವುದು ಅಷ್ಟಕ್ಕಷ್ಟೆ. ಬಂಡೆ ಹಾಗಲ್ಲ. ಬಿದ್ದದ್ದನ್ನು ಬಿದ್ದ ಹಾಗೆಯೇ ಕೆಳಕ್ಕೆ ಕಳಿಸುತ್ತದೆ. ನಾಲ್ಕೇ ನಾಲ್ಕು ಒಳ್ಳೆಯ ಮಳೆ ಬರುವ ನಾಡಿನಲ್ಲಿ ಕೆರೆ ತುಂಬುವುದು ಹೀಗೆ. ಈ ಗಿಡಗಂಟಿಯದೂ ಒಂದು ಕೆಲಸವುಂಟು. ಇಳಿಜಾರಿನಲ್ಲಿ ಓಡುವ ನೀರಿನ ಕಾಲಿಗೆ ಅಡ್ಡ ಬಂದು, ಅದರ ಕೈಯಲ್ಲಿರುವ ಮಣ್ಣನ್ನು ಬಿಡಿಸಿಕೊಂಡು ಮುಂದೆ ಕಳಿಸುತ್ತದೆ. ಕಾರೆಯ ಕಂಟಿ ಕಡಿದರೆ ಮಣ್ಣು ಕೆರೆಗೆ ಬರುತ್ತದೆ, ಮಣ್ಣು ಬಂದಷ್ಟು ನೀರಿಗೆ ಜಾಗ ಕಡಿಮೆ. ನಾನು ಕೆರೆ ಬೇರೆ ಗುಡ್ಡ ಬೇರೆ ಎಂದು ಎರಡು ಚಿತ್ರ ನೋಡಿದ್ದೆ. ಕಾಕಾ ಅವರಿಗೆ ಅದು ಒಂದೇ ಪಾತ್ರೆ. ಮೇಲಿನದು ಅದರ ಕಂಠ, ಕೆಳಗಿನದು ಹೊಟ್ಟೆ. ಮುನ್ನೂರು ವರ್ಷಕ್ಕೂ ಹಿಂದೆ ಇಲ್ಲಿ ಏರಿ ಕಟ್ಟಿದವರಿಗೂ ಇದು ತಿಳಿದೇ ಇದ್ದಿರಬೇಕು. ತಿಳಿಯದವರು ಜಾಗವನ್ನು ಇಷ್ಟು ಸರಿಯಾಗಿ ಆರಿಸುತ್ತಿರಲಿಲ್ಲ.

ರಾತ್ರಿಯ ಊಟ ಮುಗಿಸಿ ಹೊಲಕ್ಕೆ ಹೋದೆವು. ಬದುವಿನ ಬೇವಿನ ಮರಕ್ಕೆ ಆನಿಸಿ ಕಟ್ಟಿದ ಅಟ್ಟಣಿಗೆ. ಮೇಲೆ ಸೊಪ್ಪೆಯ ಹಾಸು, ಎರಡು ಕಂಬಳಿ, ಒಂದು ಬ್ಯಾಟರಿ, ಒಂದು ಎಣ್ಣೆಯ ಡಬ್ಬಿ ಮತ್ತು ಅದನ್ನು ಬಡಿಯುವ ಕೋಲು. ಮುಂದೆ ನಾಲ್ಕು ಎಕರೆ ಕಡಲೆ. ಹಿಂಗಾರಿಯಲ್ಲಿ ತಡವಾಗಿ ಬಿತ್ತಿದ್ದು, ಇನ್ನೂ ಎಳೆಯದು. ಅದರಾಚೆ ಕತ್ತಲಿಗಿಂತ ಸ್ವಲ್ಪ ತೆಳುವಾಗಿ ಕೆರೆ. ಕಾಯಬೇಕಾದದ್ದು ಮುಖ್ಯವಾಗಿ ಹಂದಿಯನ್ನು ಎಂದು ಕಾಕಾ ವಿವರಿಸಿದರು. ಹಂದಿ ಬಂದರೆ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಮೊದಲು ತೋಳ ಬಹಳ ಇದ್ದವು, ಈಗ ಅಪರೂಪ. ಕುರಿ ಕಾಯುವವರಿಗೆ ಅದು ನೆಮ್ಮದಿ, ಕಡಲೆ ಕಾಯುವವರಿಗೆ ತೊಂದರೆ. “ತೋಳ ಇದ್ದಾಗ ಹಂದಿ ಮರಿ ಇಷ್ಟು ಉಳೀತಿದ್ದಿಲ್ಲ,” ಎಂದರು. ಪ್ರಾಣಿಶಾಸ್ತ್ರದ ಒಂದು ಅಧ್ಯಾಯವನ್ನು ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಮುಗಿಸಿಬಿಟ್ಟರು.

ಅಂಥ ರಾತ್ರಿಯನ್ನು ನಗರದವರು ಮರೆತೇ ಬಿಟ್ಟಿದ್ದೇವೆ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು. ಮೃಗಶಿರದ ಮೂರು ಚುಕ್ಕೆಗಳು ನೆತ್ತಿಯ ಕಡೆಗೆ ಏರಿದ್ದವು. ದೂರದಲ್ಲಿ ಯಾರದೋ ಹೊಲದಲ್ಲಿ ಕುರಿ ಹಟ್ಟಿ ತರುಬಿದ್ದರು. ಒಮ್ಮೊಮ್ಮೆ ನಾಯಿಯ ಬೊಗಳು, ಮರಿಯ ಕೂಗು. ಟಿಟ್ಟಿಭವೊಂದು ಯಾರನ್ನೋ ಕಂಡು ಗಾಬರಿಯಾಗಿ ಕಿರುಚುತ್ತ ಹಾರಿತು. ಗುಡ್ಡದ ಮೇಲಿಂದ ದೊಡ್ಡ ಗೂಬೆಯ ಎರಡು ದನಿಯ ಗಂಭೀರವಾದ ಕರೆ ಬಂತು. ಎಲ್ಲವೂ ದೂರ ದೂರ. ನಡುವೆ ಬೇಕಾದಷ್ಟು ಮೌನ. ಮಲೆನಾಡಿನ ಕಾಡಿನ ರಾತ್ರಿ ಸಂತೆಯ ಹಾಗೆ, ಜೀರುಂಡೆ ಮಾತಾಡಲು ಬಿಡುವುದಿಲ್ಲ. ಇಲ್ಲಿ ಒಂದು ಪ್ರಾಣಿ ಮಾತಾಡಿ ಮುಗಿಸಿದ ಮೇಲೆ ಇನ್ನೊಂದು ಬಾಯಿ ತೆರೆಯುತ್ತದೆ.

ಹತ್ತು ಗಂಟೆಯ ಸುಮಾರಿಗೆ ಕೆರೆಯ ಕಡೆಯಿಂದ ‘ಆಂಗ್, ಆಂಗ್’ ಎಂಬ ಮೂಗಿನ ದನಿ ಕೇಳಿತು. ಕಾಕಾ ನನ್ನ ಮೊಣಕೈ ಒತ್ತಿದರು. ತಲೆಯ ಮೇಲೆ ರೆಕ್ಕೆಗಳ ಬೀಸು. ಚುಕ್ಕೆಗಳು ಒಂದೊಂದಾಗಿ ಮರೆಯಾಗಿ ಮತ್ತೆ ಕಂಡವು. ಏರಿಯ ಕಡೆಯ ಕಡಲೆಯ ಸಾಲುಗಳಲ್ಲಿ ಧಪ್ ಧಪ್ ಎಂದು ಭಾರವಾದ ಮೈಗಳು ಇಳಿದವು. ಆಮೇಲೆ ಬಹಳ ಮೆಲ್ಲಗೆ, ಎಮ್ಮೆ ಮೇಯುವಾಗ ಕೇಳುವಂಥದೇ ಆದರೆ ಅದಕ್ಕಿಂತ ಸಣ್ಣ ಶಬ್ದ. ಹಿಮಾಲಯವನ್ನು ದಾಟಿ ಬಂದ ಹಕ್ಕಿಗಳು ಕಾಕಾ ಅವರ ಕಡಲೆ ಮೇಯುತ್ತಿದ್ದವು.

ಡಬ್ಬಿ ಬಡಿಯುವಿರೇನು ಎಂದು ಪಿಸುಗುಟ್ಟಿದೆ. ನಾನು ಹಕ್ಕಿಗಳ ಪರವೋ ಕಡಲೆಯ ಪರವೋ ನನಗೇ ಸ್ಪಷ್ಟವಿರಲಿಲ್ಲ.

“ಇರ್ಲಿ ತಡೀರಿ,” ಎಂದರು. “ಎಳಿ ಕಡ್ಲಿ ಕುಡಿ ಚಿವುಟಾಕ ನಾವೇ ಹೆಣ್ಣಾಳು ಕರೀತೀವಿ. ಕುಡಿ ಚಿವುಟಿದ್ರ ಗಿಡ ಕವಲು ಒಡೀತದ. ಇವು ಕೂಲಿ ಕೇಳದ ಚಿವುಟ್ತಾವ. ಎಲ್ಲಿ ನಿಲ್ಲಿಸಬೇಕು ಅನ್ನೋದೊಂದು ಅವಕ್ಕ ಗೊತ್ತಿಲ್ಲ.”

“ಹಾಗಾದರೆ?”

“ಏರಿ ಕಡಿ ಆರು ಸಾಲು ಅವುಗಳ ಪಾಲು. ಅಲ್ಲಿ ಇರೋ ತನಕ ನಾ ಸುಮ್ಮನ. ಆರು ದಾಟಿದ್ರ ಡಬ್ಬಿ.”

ಸ್ವಲ್ಪ ಹೊತ್ತಿನ ಮೇಲೆ ಶಬ್ದ ನಮ್ಮ ಕಡೆಗೆ ಸರಿಯಿತು. ಕಾಕಾ ಕಿವಿಯಲ್ಲಿಯೇ ಸಾಲು ಎಣಿಸಿದರೋ ಏನೋ, ತಟ್ಟನೆ ಎದ್ದು ಕುಳಿತು ಡಬ್ಬಿ ಬಡಿದು ಹೋ ಎಂದು ಕೂಗಿದರು. ಹೊಲಕ್ಕೆ ಹೊಲವೇ ಎದ್ದಂತಾಯಿತು. ಗುಂಪು ಒಂದು ಸುತ್ತು ಸುತ್ತಿ, ದೂರು ಹೇಳುತ್ತ, ಹೋಗಿ ಮತ್ತೆ ಏರಿಯ ಕಡೆಯ ಸಾಲಿನಲ್ಲಿಯೇ ಇಳಿಯಿತು. “ಕಲ್ತಾವ ನೋಡ್ರಿ,” ಎಂದು ಕಾಕಾ ಮತ್ತೆ ಒರಗಿದರು. ಆರು ಸಾಲಿನ ಬೆಳೆ ಹೋದರೆ ನಷ್ಟವಲ್ಲವೇ ಎಂದು ಕೇಳಿದೆ. ನಷ್ಟವೇ, ಅದರಲ್ಲಿ ಸುಳ್ಳಿಲ್ಲ ಎಂದರು. ಆರು ಸಾಲು ಎಂದರೆ ವರ್ಷಕ್ಕೆ ಮನೆಯ ಮಂದಿಗೆ ಬಟ್ಟೆಯ ಖರ್ಚು. ಕೊಡುವಾಗ ಪ್ರತಿ ವರ್ಷವೂ ಮನಸ್ಸು ಸ್ವಲ್ಪ ಹಿಂದೆಗೆಯುತ್ತದೆ. ಮಗ ಬೈಯುತ್ತಾನೆ. ಆದರೆ ಕೆರೆ ಬತ್ತಿದ ವರ್ಷ ಹಕ್ಕಿ ಬರುವುದಿಲ್ಲ, ಕಡಲೆಯೂ ಬರುವುದಿಲ್ಲ. ಹಕ್ಕಿ ಬಂದಿದೆಯೆಂದರೆ ನೀರು ಇದೆಯೆಂದು ಅರ್ಥ. ಅವರ ಲೆಕ್ಕ ಇಷ್ಟೇ. ಇದರಲ್ಲಿ ದಯೆ ಎಷ್ಟು, ವ್ಯವಹಾರ ಎಷ್ಟು ಎಂದು ನಾನು ಬೇರೆ ಮಾಡಿ ನೋಡಲಾರೆ. ಅವರೂ ಮಾಡಿ ನೋಡಿದ ಹಾಗೆ ಕಾಣಲಿಲ್ಲ.

ಮಗ ಎಲ್ಲಿದ್ದಾನೆ ಎಂದು ವಿಚಾರಿಸಿದೆ. ಬೆಂಗಳೂರಿನಲ್ಲಿ, ಕಟ್ಟಡದ ಕೆಲಸ. ದೀಪಾವಳಿ ಆದ ಮೇಲೆ ಹೋದರೆ ಯುಗಾದಿಗೆ ಬರುತ್ತಾನೆ, ಸೊಸೆಯೂ ಹೋಗಿದ್ದಾಳೆ. ಈ ಸೀಮೆಯಿಂದ ಗುಳೆ ಹೋಗುವುದು ಹೊಸದಲ್ಲ. ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಮೇಲೇಳುವ ಮನೆಗಳ ಕಾಂಕ್ರೀಟು ಹೊತ್ತವರಲ್ಲಿ ಯಾದಗಿರಿಯವರು ಎಷ್ಟು ಮಂದಿ ಎಂಬುದು ಆ ಮನೆಗಳಲ್ಲಿ ಇರುವ ನಮಗೆ ತಿಳಿಯುವುದಿಲ್ಲ. ಕಾಲುವೆ ಬಂದ ಮೇಲೂ ನೀರು ಹತ್ತದ ಎತ್ತರದ ಹೊಲದವರಿಗೆ ಹಾದಿ ತಪ್ಪಿಲ್ಲ. “ಇವು ಬರೋ ಹೊತ್ತಿಗೆ ನಮ್ಮವು ಹೊಕ್ಕಾವ ತಮ್ಮಾ,” ಎಂದರು ಕಾಕಾ. ಸಾಹೇಬ್ರು ಎಂಬುದು ಯಾವಾಗಲೋ ಹೋಗಿ ತಮ್ಮ ಆಗಿದ್ದೆ. “ಇವು ಹೋಗೋ ಹೊತ್ತಿಗೆ ಅವು ಬರ್ತಾವ. ಮನಿ ಖಾಲಿ ಇರಬಾರದು ಅಂತ ದೇವರು ಇವನ್ನ ಕಳಿಸ್ತಾನ ಕಾಣ್ತದ.” ಹೇಳಿ ತಾವೇ ನಕ್ಕರು. ನನಗೆ ನಗಲು ಆಗಲಿಲ್ಲ. ನಾನು ಬಾಡಿಗೆಗೆ ಇರುವ ಮನೆಯ ಗೋಡೆಗಳು ಆಗ ನೆನಪಿಗೆ ಬಂದವು.

ಬೆಳಗಿನ ಜಾವಕ್ಕೆ ಚಳಿ ಹೆಚ್ಚಿ ನಿದ್ದೆ ತಾನಾಗಿಯೇ ಬಿಟ್ಟಿತು. ಪೂರ್ವದಲ್ಲಿ ಗುಡ್ಡಗಳ ಅಂಚು ಬೆಳ್ಳಗಾಯಿತು. ಹೆಬ್ಬಾತುಗಳು ಹೊಟ್ಟೆ ತುಂಬಿಸಿಕೊಂಡು, ಬಂದ ಹಾಗೆಯೇ ಮಾತಾಡುತ್ತ ಕೆರೆಯ ತಿಟ್ಟಿಗೆ ಮರಳಿದವು. ಕಾಕಾ ಇಳಿದು ಹೋಗಿ ಆರು ಸಾಲನ್ನು ನೋಡಿ ಬಂದರು. ಎಂಟು ಆಗಿತ್ತಂತೆ. ಒಂದು ಬೈಗುಳ ಬೈದು, ಬೇವಿನ ಕಡ್ಡಿ ಮುರಿದು ಹಲ್ಲುಜ್ಜತೊಡಗಿದರು.

ಆ ಹೊತ್ತಿಗೆ ದೂರದ ಗುಡ್ಡದ ಕಡೆಯಿಂದ ಒಂದು ಮಂದವಾದ ಸದ್ದು ಬಂತು. ಅದರ ಹಿಂದೆಯೇ ಯಂತ್ರದ ಗುರುಗುಟ್ಟುವಿಕೆ. ಕಲ್ಲು ಒಡೆಯುತ್ತಿದ್ದಾರೆ ಎಂದರು ಕಾಕಾ. ರಸ್ತೆಗೆ ಬೇಕು, ಮನೆಗೆ ಬೇಕು. ಗುಡ್ಡ ಯಾರಿಗೂ ಬೇಕಾಗಿಲ್ಲದ್ದರಿಂದ ಅಗ್ಗ. ಆ ಗುಡ್ಡ ಬೇರೆ, ಅದರ ನೀರು ಈ ಕೆರೆಗೆ ಬರುವುದಿಲ್ಲ ಎಂದು ನನಗೆ ಸಮಾಧಾನ ಹೇಳಿದರು. ಆದರೆ ಯಾವ ಗುಡ್ಡಕ್ಕೂ ತನ್ನದೊಂದು ಕೆರೆ ಇಲ್ಲದೆ ಇರುವುದಿಲ್ಲ. ದೊಡ್ಡದಲ್ಲದಿದ್ದರೆ ಸಣ್ಣದು, ಸಣ್ಣದೂ ಅಲ್ಲದಿದ್ದರೆ ಯಾರದೋ ಬಾವಿ.

ಬಂಜರು ಎಂಬುದು ಬರಿಯ ವರ್ಣನೆಯಲ್ಲ, ಬೆಲೆ ಕಟ್ಟುವ ಮಾತು. ಒಂದು ನೆಲವನ್ನು ಬಂಜರು ಎಂದು ಕರೆದ ದಿನದಿಂದಲೇ ಅದನ್ನು ಏನು ಮಾಡಿದರೂ ನಡೆಯುತ್ತದೆ ಎಂಬ ಧೈರ್ಯ ನಮಗೆ ಬರುತ್ತದೆ. ಹಸುರು ಕಾಡನ್ನು ಕಡಿದರೆ ಹತ್ತು ಜನ ಕೂಗುತ್ತಾರೆ, ಕೂಗಬೇಕಾದದ್ದೇ. ಕಲ್ಲುಗುಡ್ಡವನ್ನು ಕಡಿದರೆ ಕೂಗುವುದಕ್ಕೆ ಟಿಟ್ಟಿಭವನ್ನು ಬಿಟ್ಟರೆ ಯಾರೂ ಇಲ್ಲ. ಬೋನಾಳದಲ್ಲಿ ಹಕ್ಕಿಯನ್ನು ಕಾಯುತ್ತಿರುವವರು ಯಾರು ಎಂದು ಹಿಂದಿರುಗುವ ಹಾದಿಯಲ್ಲಿ ಲೆಕ್ಕ ಹಾಕಿದೆ. ಕಾನೂನು ಕಾಯುತ್ತದೆ, ಇಲಾಖೆಯ ಕಾವಲುಗಾರ ಕಾಯುತ್ತಾನೆ. ಅವರನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅವರಿಗಿಂತ ಮೊದಲು ಕಾಯುವುದು ನೀರು ಕುಡಿಯದ ಬಂಡೆ, ಮಣ್ಣು ಹಿಡಿದಿಟ್ಟ ಮುಳ್ಳುಕಂಟಿ, ಮುನ್ನೂರು ವರ್ಷ ಒಡೆಯದ ಏರಿ, ಮತ್ತು ಡಬ್ಬಿಯನ್ನು ಕೈಯಲ್ಲಿ ಹಿಡಿದೂ ಆರು ಸಾಲಿನ ತನಕ ಸುಮ್ಮನೆ ಇರುವ ಒಬ್ಬ ಮುದುಕ. ಇವರಲ್ಲಿ ಒಬ್ಬರೂ ಪಕ್ಷಿಧಾಮದ ಹಲಗೆಯ ಒಳಗೆ ಬರುವುದಿಲ್ಲ. ಏರಿಯೊಂದು ಬರುತ್ತದೆ, ಅಷ್ಟೆ.

ಹೋಗಬೇಕೆನ್ನುವವರು ಡಿಸೆಂಬರಿನಿಂದ ಫೆಬ್ರವರಿಯ ಒಳಗೆ ಹೋಗಿರಿ. ದೂರದರ್ಶಕ ಇದ್ದರೆ ಒಳ್ಳೆಯದು, ಕಂಬಳಿ ಬೇಕೇ ಬೇಕು. ಕೆರೆಯ ದಂಡೆಯ ಮೇಲೆ ನಿಂತು ಹಕ್ಕಿಗಳನ್ನು ನೋಡಿದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ಗುಡ್ಡವನ್ನೂ ನೋಡಿರಿ. ಸಾಧ್ಯವಾದರೆ ಹತ್ತಿ, ಆ ಬಂಡೆಯ ಮೇಲೆ ಸಂಜೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಹಗಲಿನ ಬಿಸಿಲು ಅದರಲ್ಲಿ ಬಹಳ ಹೊತ್ತು ಇರುತ್ತದೆ.